ಸಿದ್ದವ್ವನ ಸೀರೆಕಾಡು

ಹಿಂದೆ, ಬೆಟ್ಟಗಳೂ ಆಕಳಿಸುತ್ತಿದ್ದ ಕಾಲದಲ್ಲಿ, ತೂಕಡಿಪುರ ಎಂಬ ರಾಜ್ಯವಿತ್ತು. ಅಲ್ಲಿಯ ಮಾಂತ್ರಿಕ ಕೊರಡಪ್ಪನಿಗೆ ಹಕ್ಕಿಗಳ ಗಲಾಟೆಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ರೇಗಿದವನೇ ಇಡೀ ಕಾಡನ್ನು ಚಾಪೆಯಂತೆ ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡ. "ಈ ರಾಜ್ಯದ ಮಕ್ಕಳು ಕಾಡನ್ನು ಪೂರ್ತಿ ಮರೆತ ದಿನ ಇದು ಎಂದೆಂದಿಗೂ ನನ್ನದು!" ಎಂದು ಮಂತ್ರ ಹಾಕಿದ. ರಾಜ ಸೈನ್ಯ ಕಳಿಸಿದ. ಸೈನ್ಯ ಕುಂಬಳಕಾಯಿಗಳಾಗಿ ಉರುಳುತ್ತ ಮರಳಿತು. ಅರಮನೆಯಲ್ಲಿ ಅಂದಿನಿಂದ ಕುಂಬಳಕಾಯಿ ಹುಳಿ ಮಾಡಲಿಲ್ಲ ಎಂಬುದೊಂದೇ ಸಮಾಧಾನ.

ವರ್ಷಗಳು ಕಳೆದವು. ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಸಿದ್ದವ್ವನಿಗೆ ಸೊಂಟ ನೋವು, ಗಂಟಲು ನೋವು, ಜೀವವೇ ಸಾಕಾಗಿತ್ತು. ಒಂದು ಬೆಳಿಗ್ಗೆ ಎಲ್ಲರಿಗಿಂತ ಚಿಕ್ಕವಳಾದ ಚಿಗರಿ, "ಅಕ್ಕೋರೇ, ಮರ ಅಂದ್ರೆ ಬಾಗಿಲಾ?" ಎಂದು ಕೇಳಿದಳು. ಸಿದ್ದವ್ವನಿಗೆ ಕೊರಡಪ್ಪನ ಮಂತ್ರ ನೆನಪಾಯಿತು. ಮಕ್ಕಳು ಮರೆಯುತ್ತಿದ್ದಾರೆ!

"ಇವತ್ತು ಪಾಠ ಇಲ್ಲ. ಕಾಡಲ್ಲಿ ಬಿಡಾರ ಹೂಡೋಣ."

"ಕಾಡು ಎಲ್ಲಿದೆ ಅಕ್ಕೋರೇ?"

"ಈ ಕೋಣೆಯಲ್ಲೇ. ಇದಕ್ಕಿಂತ ದೂರ ನನ್ನ ಕೈಲಿ ನಡೆಯೋಕಾಗಲ್ಲ."

ಹಬ್ಬದ ಹಸಿರು ಸೀರೆಯನ್ನು ಎರಡು ಒನಕೆಗೆ ಕಟ್ಟಿದಳು, ಡೇರೆಯಾಯಿತು. ಸೌದೆಯ ಮೇಲೆ ಕೆಂಪು ಕುಪ್ಪಸ ಹೊದಿಸಿದಳು, ಬೆಂಕಿಯಾಯಿತು. ಗಲಾಟೆ ಮಾಡುವವರೆಲ್ಲ ಕಪ್ಪೆಗಳು. ಅಳುಬುರುಕ ಮಾದೇವ ತೊರೆ, ಅವನಿಗೆ ಅಭ್ಯಾಸವಿತ್ತು.

ಅತ್ತ ಕೊರಡಪ್ಪನ ಕಂಕುಳಲ್ಲಿ ಚಾಪೆ ಕಚಗುಳಿ ಇಡತೊಡಗಿತು. ಮಕ್ಕಳಿಗೆ ಕಾಡು ನೆನಪಾಗುತ್ತಿದೆ ಎಂದು ಅರಿತು, ಆಟ ಕೆಡಿಸಿ ಬಾ ಎಂದು ಅವನು ಮಾಯದ ಹುಲಿಯನ್ನು ಅಟ್ಟಿದ.

"ಇದು ಬೆಂಕಿಯಲ್ಲ, ಕುಪ್ಪಸ!" ಎಂದು ಹುಲಿ ಗರ್ಜಿಸಿತು.

"ಸುಡುತ್ತೆ, ಆಚೆ ನಿಲ್ಲೋ!" ಎಂದರು ಮಕ್ಕಳು. ಹುಲಿ ಪಂಜ ಇಟ್ಟಿತು. ಸುಟ್ಟಿತು. ಪಂಜಕ್ಕೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಮೂಲೆ ಸೇರಿತು.

ಆಮೇಲೆ ಮಾಯದ ಹೆಬ್ಬಾವು ಬಂತು. "ಇದು ತೊರೆಯಲ್ಲ, ಹುಡುಗ!"

"ಹಾಗಾದ್ರೆ ದಾಟು ನೋಡೋಣ!" ಹಾವು ಮಾದೇವನನ್ನು ದಾಟಹೋಯಿತು, ಕೊಚ್ಚಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಮೂರನೆಯದಾಗಿ ಕೊರಡಪ್ಪನೇ ಬಂದ. ನಿದ್ದೆಗೆಟ್ಟ ಕಣ್ಣು, ಕೆದರಿದ ಜಡೆ. "ಎಲ್ಲರನ್ನೂ ಕುಂಬಳಕಾಯಿ ಮಾಡ್ತೀನಿ!" ಎಂದು ಕೈಯೆತ್ತಿದ. ಸಿದ್ದವ್ವನಿಗೆ ಓಡುವ ತ್ರಾಣವಿರಲಿಲ್ಲ.

"ಕೂಗಬೇಡಪ್ಪ, ತಲೆ ಸಿಡೀತಿದೆ. ಆಟಕ್ಕೆ ಸೇರ್ತೀಯಾ?"

ಅವನನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ. ಎತ್ತಿದ ಕೈ ಇಳಿಯಿತು. "ಸೇರ್ತೀನಿ" ಎಂದ ಮೆಲ್ಲಗೆ.

"ತಡವಾಗಿ ಬಂದೆ" ಎಂದಳು ಚಿಗರಿ. "ಇಷ್ಟು ದಿನ ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಇನ್ಮೇಲೆ ನೀನು."

ಚಿಕ್ಕವರಿಗೂ ಹೊಸಬರಿಗೂ ಎಲ್ಲ ಆಟದಲ್ಲೂ ಅದೇ ಕಟ್ಟಳೆ: ಓಡಬಹುದು, ಕೂಗಬಹುದು, ಆದರೆ ಅವರು ಹಿಡಿದರೂ ಯಾರೂ ಸಿಕ್ಕಂತಲ್ಲ. ಸಿದ್ದವ್ವನ ದಣಿದ ಕಣ್ಣು ಫಳಕ್ಕೆಂದಿತು.

"ನೀನು ಮಾಡಿದ್ದು ಯಾವುದೂ ಲೆಕ್ಕಕ್ಕಿಲ್ಲ. ಒಪ್ಪಿಗೆಯಾ?"

"ಒಪ್ಪಿದೆ ತಾಯಿ, ಆಟ ಶುರು ಮಾಡಿ!"

ಅವನ ಮಂತ್ರಗಳೂ ಲೆಕ್ಕಕ್ಕಿಲ್ಲದಾದವು. ಚಾಪೆ ಕಂಕುಳಿಂದ ಜಾರಿ, ಕಿಟಕಿ ಹಾರಿ, ಬೆಟ್ಟದ ಮೇಲೆಲ್ಲ ಬಿಚ್ಚಿಕೊಂಡು ಕಾಡಾಯಿತು. ಕುಂಬಳಕಾಯಿಗಳು ಎದ್ದು ಸಿಪಾಯಿಗಳಾದವು. ಒಬ್ಬನ ತಲೆಯಲ್ಲಿ ಮಾತ್ರ ತೊಟ್ಟು ಉಳಿಯಿತು.

ಮಕ್ಕಳು ಹೋ ಎಂದು ಕಾಡಿಗೆ ಓಡಿದರು. "ನೀನೂ ಹೋಗು" ಎಂದಳು ಸಿದ್ದವ್ವ ಕೊರಡಪ್ಪನಿಗೆ. "ಸಂಜೆವರೆಗೆ ನೋಡ್ಕೊ." ಆಮೇಲೆ ಡೇರೆಯೊಳಗೆ ನುಗ್ಗಿ, ಮಾಯೆ ಕಳಚಿ ಸಾಧುವಾಗಿ ಬಿದ್ದಿದ್ದ ಹುಲಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ತೂಕಡಿಪುರದವರೆಲ್ಲ ಸುಖವಾಗಿದ್ದರು. ಹಕ್ಕಿಗಳು ಮೊದಲಿಗಿಂತ ಜೋರಾಗಿಯೇ ಕೂಗಿದವು. ಆದರೂ ಕೊರಡಪ್ಪ ಆ ಸಂಜೆ ಕೂತಲ್ಲೇ ಗೊರಕೆ ಹೊಡೆದ. ಒಂದು ದಿನ ಮಕ್ಕಳನ್ನು ಕಾಯ್ದವನಿಗೆ ಹಕ್ಕಿಯಿರಲಿ, ಗುಡುಗೂ ಕೇಳಿಸುವುದಿಲ್ಲ.