ತಾಜಾ ರಕ್ತ

ಏಟಿಗಿಂತ ಮಾತೇ ಅವನನ್ನು ಹೆಚ್ಚು ಸುಟ್ಟಿತ್ತು. ಬಹಳ ಹೊತ್ತು ಇಟ್ಟ ರಕ್ತದಲ್ಲಿ ಬಿಳಿ ಕಣಗಳು ತಾವಾಗಿಯೇ ಒಡೆಯುತ್ತವೆ. ಲ್ಯಾಬಿನಲ್ಲಿ ಅಂಥ ಸ್ಲೈಡ್ ನೋಡಿ, ಒಡೆದ ಕಣಗಳು ರಕ್ತದ ಕ್ಯಾನ್ಸರಿನ ಗುರುತೆಂದು ಅವನು ವರದಿ ಬರೆದುಬಿಟ್ಟಿದ್ದ. ಗಟ್ಟಿಮುಟ್ಟಾಗಿದ್ದ ರೋಗಿ ಹೆದರಿ ಹಾಸಿಗೆ ಹಿಡಿದಿದ್ದ. ಲ್ಯಾಬಿನ ಮಾಲೀಕ, ಅವನ ಅಕ್ಕನ ಗಂಡ, ಕಾದು ಕೂತಿದ್ದ ಜನರೆದುರೇ ಅವನ ಕಪಾಳಕ್ಕೆ ಬಾರಿಸಿದ.

"ಹಳೇ ರಕ್ತ ಯಾವುದು, ಹೊಸದು ಯಾವುದು ಅಂತ ಗೊತ್ತಾಗಲ್ವೇನೋ? ನಾಳೆಯಿಂದ ನೆಲ ಒರೆಸು."

"ಸರಿ ಭಾವ," ಎಂದ.

ನೆಲ ಒರೆಸುತ್ತಲೇ ಹೊಂಚು ಹಾಕಿದ. ಪೊಲೀಸರು ನಂಬಬೇಕಾದ ಕಥೆ ಇಷ್ಟು: ಕಳ್ಳ ನುಗ್ಗಿದ, ಭಾವ ಬಾಟಲಿ ಒಡೆದು ಚುಚ್ಚಿದ, ಕಳ್ಳ ಭಾವನನ್ನು ಕೊಂದು ಹಿಂಬಾಗಿಲಿಂದ ಓಡಿದ. ಕಳ್ಳನ ರಕ್ತಕ್ಕೆ ಲ್ಯಾಬಿನಲ್ಲಿ ಏನು ಬರ? ಆದರೆ ಅದು ತಾಜಾ ಇರಬೇಕು. ಒರೆಸಿದ ಶಾಯಿಯಂತೆ ಹರಡಿದ ಬಿಳಿ ಕಣಗಳು ಪೊಲೀಸರ ಡಾಕ್ಟರ ಕಣ್ಣಿಗೆ ಬಿದ್ದರೆ ಗುಟ್ಟು ರಟ್ಟು. ಅದಕ್ಕೇ ಒಂದು ಸಂಜೆ, ಪರೀಕ್ಷೆಗೆಂದು ಬಂದ ಯಾರೋ ಅಪರಿಚಿತನಿಂದ ಆಗಷ್ಟೇ ತೆಗೆದ ನೇರಳೆ ಮುಚ್ಚಳದ ಟ್ಯೂಬನ್ನು ಎತ್ತಿಟ್ಟುಕೊಂಡ. ಒಂದು ಹನಿ ಗಾಜಿನ ಮೇಲೆ ಸವರಿ ನೋಡಿದ. ಕಣಗಳೆಲ್ಲ ದುಂಡಗೆ, ಇಡಿಯಾಗಿದ್ದವು. ಈ ಸಲ ಅವನ ಓದು ತಪ್ಪಿರಲಿಲ್ಲ.

ಅಂದೇ ಬಾಗಿಲು ಹಾಕುವ ಹೊತ್ತಿಗೆ ಭಾವ ಮೇಜಿನ ಖಾನೆಗೆ ಬಗ್ಗಿದ. ಕಬ್ಬಿಣದ ರಾಡಿನ ಮೊದಲ ಏಟಿಗೆ ಮಂಡಿಯೂರಿದ. ಎರಡನೆಯದಕ್ಕೆ ಹಲ್ಲು ಉದುರಿದವು. "ಬೇಡ ಕಣೋ" ಎಂದ ಬಾಯಿಯ ಮೇಲೇ ಮೂರನೆಯದು ಬಿತ್ತು. ತಲೆಬುರುಡೆ ಬಿರಿದ ಮೇಲೂ, ಕಪಾಳದ ಬಾಕಿ ತೀರಲೆಂದು ಮತ್ತಷ್ಟು ಹೊಡೆದ. ಮನಸ್ಸಿಗೆ ಹಾಯೆನಿಸಿತು. ಬಾಟಲಿ ಒಡೆದು, ಅದರ ತಳದ ಚೂರಿಗೂ ಹಿಂಬಾಗಿಲ ಹೊಸ್ತಿಲಿಗೂ ಟ್ಯೂಬಿನ ರಕ್ತ ಸುರಿದ. ರಾಡನ್ನು ದೂರದ ಮೋರಿಗೆಸೆದು, ಎರಡು ಕಾಫಿ ಹಿಡಿದು ಮರಳಿ, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡ.

ಇನ್ಸ್‌ಪೆಕ್ಟರ್ ಹೆಂಗಸು ಮಾತು ಕಡಿಮೆಯವಳು. ಅಕ್ಕ ಅವನ ಭುಜಕ್ಕೊರಗಿ ಅಳುತ್ತಿದ್ದಳು. ಭಾವನ ತಲೆಯ ಸುತ್ತ ರಕ್ತ ಆಗಲೇ ಮಂದವಾಗಿ ಹೆಪ್ಪುಗಟ್ಟಿತ್ತು. ಇನ್ಸ್‌ಪೆಕ್ಟರ್ ಹಿಂಬಾಗಿಲ ಬಳಿ ಬಿದ್ದಿದ್ದ ಬಾಟಲಿಯ ತಳದ ಚೂರನ್ನು ಎತ್ತಿ ವಾಲಿಸಿದಳು. ರಕ್ತ ಅವಳ ಕೈಗವಸಿನ ಮೇಲೆ ಸರಾಗವಾಗಿ ಹರಿಯಿತು. "ಅವರದು ಗಟ್ಟಿಯಾಗಿದೆ, ಕಳ್ಳನದು ಇನ್ನೂ ನೀರಿನ ಹಾಗಿದೆ. ಇಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಏನಾದ್ರೂ ಹಾಕ್ತೀರಾ?" ನೇರಳೆ ಮುಚ್ಚಳದ ಟ್ಯೂಬಿನ ತಳದಲ್ಲಿ ಸವರಿರುವ ಮದ್ದು ಆಗ ಅವನಿಗೆ ನೆನಪಾಯಿತು. ಇಷ್ಟು ವರ್ಷ ಅವನು ಕಂಡಿದ್ದು ಟ್ಯೂಬಿನ ರಕ್ತವನ್ನೇ. ರಕ್ತವೆಂದರೆ ಹರಿಯುವಂಥದು ಎಂದೇ ಕಣ್ಣು ಒಗ್ಗಿಹೋಗಿತ್ತು. ಅಕ್ಕ ಅವನ ಭುಜದಿಂದ ತಲೆ ಎತ್ತಿದಳು.