ಸಿ ಕೋಡಿನ ಪಕ್ಕದಲ್ಲೊಂದು ಲಿಸ್ಪ್

“ಇದಕ್ಕೆ ಪ್ರೋಗ್ರಾಂ ಹೇಳಿ ಕರಿತ್ವಾ? ಬರೀ ಕಂಸದ ಗುರುತು! ಕಾಗದದ ತುಂಬ ಇರುವೆ ಬಿಟ್ಟಂಗೆ ಇದ್ದು!”

ಅಭಿಜ್ಞಾ ಹಾಳೆಗಳನ್ನು ಮೇಜಿನ ಮೇಲೆ ಎಸೆದಳು. ಎದುರಿಗೆ ನಿಂತಿದ್ದವನು ಸುಹಾಸ. ಬಿಳಗಿಯಿಂದ ಬಂದು ಕೆಲಸಕ್ಕೆ ಸೇರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

“ಓದಲೆ ಬರ್ತಿಲ್ಲೆ ಅಂದ್ರೆ ಅದು ಭಾಷೆ ತಪ್ಪಲ್ಲ,” ಎಂದ ತಣ್ಣಗೆ.

ಅಬ್ಬಾ, ಸೊಕ್ಕೇ!

ಇಸಳೂರಿನ ಆ ಕಾರ್ಖಾನೆಯಲ್ಲಿ ಕಾಳುಮೆಣಸು ವಿಂಗಡಿಸುವ ಯಂತ್ರ ತಯಾರಾಗುತ್ತಿತ್ತು. ಅದನ್ನು ಓಡಿಸುವ, ಸಿ ಎಂಬ ಕಂಪ್ಯೂಟರ್ ಭಾಷೆಯ ಕೋಡು ಪೂರ್ತಿ ಅಭಿಜ್ಞಾಳದು, ನಾಲ್ಕು ವರ್ಷದ ದುಡಿಮೆ. ಗಟ್ಟಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೀರ್ಮಾನಿಸುವ ಭಾಗವನ್ನು ಸುಹಾಸ ಲಿಸ್ಪ್ ಭಾಷೆಯಲ್ಲಿ ಬರೆದು ತಂದಿದ್ದ.

ಒಡತಿ ಗಂಗಾಂಬಿಕಾ ಗದರಿದರು. “ಜಗಳ ಆಮ್ಯಾಲೆ ಮಾಡ್ರಿ. ಎರಡೂ ಭಾಷಾ ಯಂತ್ರಕ್ಕ ತಿಳಿಯೂವಂಗ ಮಾಡಿ ಕೂಡಿ ಓಡಿಸೂವಂಥಾ ಕಂಪೈಲರ್ ಹುಡುಕ್ರಿ. ಹತ್ತು ದಿನದಾಗ ಸಿಗಲಿಲ್ಲಂದ್ರ ಒಬ್ಬರ ಕೋಡು ತೆಗೆದು ಹಾಕೂದ!”

ಸುಹಾಸ ದಿನಕ್ಕೊಂದು ಕಂಪೈಲರ್ ತಂದ, ನೋಡಿದ, ಬಿಟ್ಟ.

“ಇವತ್ತಿಂದೂ ಕೈಕೊಡ್ತಾ, ಪಂಡಿತರೇ?” ಅಭಿಜ್ಞಾ ಮೂಗು ಮುರಿಯುತ್ತಿದ್ದಳು.

ಅವನು ನಕ್ಕು ಮತ್ತೆ ಪರದೆಯತ್ತ ತಿರುಗುತ್ತಿದ್ದ. ಆ ನಗುವೇ ಅವಳನ್ನು ಇನ್ನಷ್ಟು ಕೆಣಕುತ್ತಿತ್ತು... ಯಾಕೋ!

ಒಂಬತ್ತನೆಯ ದಿನ ಒಡತಿಯ ಕೋಣೆಯಿಂದ ಅವನ ದನಿ ಕೇಳಿಸಿತು. “ಸಿ ಕೋಡು ತೆಗೆದು ಎಲ್ಲ ಲಿಸ್ಪ್‌ನಲ್ಲೇ ಬರೆದರೆ ಸುಲಭ, ಮೇಡಂ...”

ಅವಳು ಮುಂದೆ ಕೇಳಲು ನಿಲ್ಲಲಿಲ್ಲ.

‘ಕಪಟಿ! ಇದಕ್ಕೇ ನಗುತ್ತಿದ್ದನಾ?’ ಕಣ್ಣು ತುಂಬಿ ಬಂತು. ಇಂಥವನಿಗಾಗಿ ಅಳುವುದೇ ಎಂದು ತನ್ನ ಮೇಲೆಯೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಒಡತಿಗೆ ರಾಜೀನಾಮೆ ಪತ್ರ ಕೊಟ್ಟಳು. “ಸಿ ಕೋಡು ತೆಗೆಯುವ ಮಾತು ನಿನ್ನೆ ಕೇಳಿಸಿಕೊಂಡೆ, ಮೇಡಂ.”

ಗಂಗಾಂಬಿಕಾ ಪತ್ರ ಮಡಚಿ ವಾಪಸು ಕೊಟ್ಟರು. “ತಲಿ ಕೆಟ್ಟೈತೇನ ನಿಂಗ? ಮುಂದಿನ ಮಾತು ಕೇಳಲಿಲ್ಲೇನು? ‘ಆದರೆ ನಾನು ತೆಗೆಯೂದಿಲ್ಲ, ಬೇಕಾದ್ರ ನಂದ ತೆಗೀರಿ’ ಅಂದಾನ ಆತ! ಹೋಗಿ ನೋಡು.”

ಅವಳು ಓಡಿದಳು. ಯಂತ್ರ ಓಡುತ್ತಿತ್ತು, ಗಟ್ಟಿ ಕಾಳು ಒಂದು ಕಡೆ, ಜೊಳ್ಳು ಇನ್ನೊಂದು ಕಡೆ. ಪಕ್ಕದಲ್ಲಿ ಸುಹಾಸ ನಿಂತಿದ್ದ.

“ಒಂಬತ್ತು ಕಂಪೈಲರ್ ಎಂತಕ್ಕೆ ಬಿಟ್ಟೆ?”

“ಪ್ರತಿಯೊಂದಕ್ಕೂ ಯಜಮಾನಿಕೆ ತನಗೇ ಬೇಕು. ನಿನ್ನ ಕೋಡು ಅದರ ಕೈಕೆಳಗೆ ಇರವು. ಈ ಹತ್ತನೇದು ಹಂಗಲ್ಲ. ಲಿಸ್ಪನ್ನ ಸಿ ಮಾಡಿ ಕೊಡ್ತು. ನಿನ್ನ ಕೋಡು ಕರೆದಾಗ ಬರ್ತು. ನಿಂದ್ರಲ್ಲಿ ಒಂದು ಸಾಲೂ ಮುಟ್ಟಿದ್ನಿಲ್ಲೆ.”

ಅಭಿಜ್ಞಾ ರಾಜೀನಾಮೆ ಪತ್ರವನ್ನು ಹರಿದಳು. “ಆನು ಅಷ್ಟೆಲ್ಲ ಹೀಯಾಳಿಸಿದ್ದಿ...”

“ನಿನ್ನ ಕೋಡು ಪೂರ್ತಿ ಓದಿದ್ದಿ. ಇಷ್ಟು ಚಂದ ಬರೆಯೋಳು ಬೈದ್ರೂ ಅಡ್ಡಿಲ್ಲೆ ಅನಿಸ್ತು... ಆಮೇಲೆ ಬೈಗುಳ ಕೇಳಲೇ ಬೆಳಗಾಗದ್ನೇ ಕಾಯ್ತಾ ಇದ್ದಿದ್ದಿ.”

“ಥೂ, ಮರುಳ!” ಅವಳು ನಕ್ಕಳು. “ಎಂಗೆ ಲಿಸ್ಪ್ ಇನ್ನೂ ಸೇರ್ತಿಲ್ಲೆ.”

“ಅದನ್ನ ಬರೆದವ?”

ಅವಳು ತಲೆ ಎತ್ತಲಿಲ್ಲ. ಕೈ ಮಾತ್ರ ಅವನ ಕೈಯೊಳಗಿತ್ತು.

“ಭಾನುವಾರ ಮನೆಗೆ ಬಾ... ಅಪ್ಪಯ್ಯನ ಹತ್ರ ಕೇಳು.”