ಮಾರ್ಷಲ್‌ನಲ್ಲಿ ಕಾಯಿಸಿದ ಶನಿವಾರ

ಸೇಬಿನ ತೋಟದಲ್ಲಿ ಬುಟ್ಟಿ ಹಿಡಿದು ನಿಂತಿದ್ದವನು ತಿರುಗಿದ. ಇಂದುಮತಿಯ ಎದೆ ಧಸಕ್ಕೆಂದಿತು.

ಕಲ್ಲಿನಾಥ...

ಐದು ವರ್ಷವಾಗಿತ್ತು. ಮೈ ತುಸು ತುಂಬಿತ್ತು, ಕೂದಲು ಕಿವಿಯವರೆಗೆ ಬೆಳೆದಿತ್ತು. ಕಣ್ಣು ಮಾತ್ರ ಅವೇ.

"ಇಂದು, ಇವ್ರು ಕಲ್ಲಿನಾಥ್ ಅಂತ. ಗದಗಿನ ಕಡೆಯವ್ರು. ಡೆಟ್ರಾಯ್ಟ್ ಹತ್ರ ವಾರೆನ್‌ನಲ್ಲಿ ಕಾರ್ ಇಂಜಿನಿಯರ್," ಎಂದರು ಪದ್ಮ ಆಂಟಿ. ಎಲೆಗಳ ಬಣ್ಣ ತಿರುಗುವುದನ್ನು ನೋಡಲು ಶಿಕಾಗೋ, ಡೆಟ್ರಾಯ್ಟ್ ಕಡೆಯ ಕನ್ನಡದವರನ್ನೆಲ್ಲ ನಡುದಾರಿಯ ಪಾ ಪಾ ಎಂಬ ಪುಟ್ಟ ಊರಿನಲ್ಲಿ ಸೇರಿಸಿದವರು ಅವರೇ. "ಇವಳು ನಮ್ಮ ಮೈಸೂರಿನ ಹುಡುಗಿ. ಶಿಕಾಗೋದಲ್ಲಿ ಡಾಕ್ಟರ್."

ಕಲ್ಲಿನಾಥನ ಮುಖ ಬಿಳಿಚಿಕೊಂಡಿತು. ಅವನು ಹಿಂದಕ್ಕೆ ಸರಿದ.

ತಪ್ಪು ಮಾಡಿದವರು ಹೀಗೇ ಸರಿಯುವುದು, ಎಂದುಕೊಂಡಳು ಇಂದುಮತಿ. ಮುಖಕ್ಕೆ ನಗು ತಂದುಕೊಂಡಳು.

"ನಮಸ್ಕಾರ. ಚೆನ್ನಾಗಿದೀರಾ?"

ಮೈಸೂರಿನಲ್ಲಿ ಅವಳು ಡಾಕ್ಟರಿ ಓದುತ್ತಿದ್ದಾಗ ಅವನು ಇಂಜಿನಿಯರಿಂಗ್ ಓದುತ್ತಿದ್ದ. ಜಾತಿ ಬೇರೆ, ಸೀಮೆ ಬೇರೆ. ಆದರೂ ಮನಸ್ಸು ಕೂಡಿತ್ತು. ಅಮೆರಿಕಕ್ಕೆ ಹೊರಡುವ ಮುಂಚಿನ ಭಾನುವಾರ ಮನೆಗೆ ಬಂದು ಅವಳ ತಂದೆ, ವಕೀಲ ಸತ್ಯನಾರಾಯಣರಾಯರಲ್ಲಿ ಹೆಣ್ಣು ಕೇಳುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಅವಳು ತಂದೆಗೆ ಮೊದಲೇ ತಿಳಿಸಿದ್ದಳು. "ಬರಲಿ, ನೋಡೋಣ" ಎಂದಿದ್ದರು ರಾಯರು.

ಹಸಿರು ಸೀರೆ ಉಟ್ಟು ದೀಪ ಹಚ್ಚುವ ಹೊತ್ತಿನವರೆಗೂ ಕಾದಳು. ಅವನು ಬರಲಿಲ್ಲ.

"ಅಂಥವನಿಗೋಸ್ಕರ ಅಳಬೇಡಮ್ಮ," ಎಂದು ರಾಯರು ತಲೆ ಸವರಿದ್ದರು. ವಾರ ಕಳೆಯುವುದರೊಳಗೆ ಕಲ್ಲಿನಾಥ ಒಂದು ಕಾಗದವನ್ನೂ ಬರೆಯದೆ ಕಡಲು ದಾಟಿದ್ದ; ಹಟ ಹಿಡಿದು ಅವಳೂ ಬರೆಯಲಿಲ್ಲ.

ಆ ಅವಮಾನವನ್ನು ಇಂದುಮತಿ ಮಡಿಲಲ್ಲಿ ಕೆಂಡದಂತೆ ಕಟ್ಟಿಕೊಂಡೇ ಬದುಕಿದಳು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಈಗ, ಈ ಸೇಬಿನ ಮರಗಳ ನಡುವೆ, ಆ ಕೆಂಡಕ್ಕೆ ಗಾಳಿ ಸಿಕ್ಕಿತ್ತು.

ನಾನು ಕಾದ ಹಾಗೆ ಇವನೂ ಕಾಯಬೇಕು. ಆಸೆ ಹುಟ್ಟಿಸಬೇಕು... ಆಮೇಲೆ ಮುರಿಯಬೇಕು.

"ಈ ಕಡೆ ಊರುಗಳನ್ನ ನಾನು ನೋಡೇ ಇಲ್ಲ," ಎಂದಳು ಮೆಲ್ಲಗೆ. "ಯಾರಾದ್ರೂ ತೋರಿಸಿದ್ರೆ..."

"ನಾ ತೋರಸ್ತೀನಿ," ಎಂದ ಅವನು, ತನ್ನ ಕಿವಿಯನ್ನೇ ನಂಬದವನಂತೆ.

ಆಸ್ಪತ್ರೆಯಲ್ಲಿ ರಜೆ ಸಿಕ್ಕ ಶನಿವಾರಗಳಂದು ಅವಳು ಶಿಕಾಗೋದಿಂದ ಬಸ್ಸು ಹತ್ತುತ್ತಿದ್ದಳು. ಅವನು ವಾರೆನ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಬಿಳಿ ಚರ್ಚು, ಮೆಟ್ಟಿಲ ಮೇಲೆ ರಾಶಿ ಹಾಕಿದ ಕುಂಬಳಕಾಯಿ, ರಸ್ತೆಯ ಎರಡೂ ಬದಿಗೆ ಕೆಂಪಗೆ ಹೊತ್ತಿ ನಿಂತ ಮೇಪಲ್ ಮರಗಳು. ಚೆಲ್ಸೀ ಊರಿನಲ್ಲಿ ಚಳಿ ಏರಿದಾಗ ಅವನು ತನ್ನ ಕೋಟನ್ನು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಗಾಣದಿಂದ ಆಗ ತಾನೇ ಇಳಿದ ಸೇಬಿನ ರಸವನ್ನು ಇಬ್ಬರೂ ಒಂದೇ ಲೋಟದಲ್ಲಿ ಕುಡಿದರು.

ಕರಗಬೇಡ ಇಂದು... ಕರಗಬೇಡ, ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನೇ ಗದರಿಕೊಂಡಳು.

ಅಕ್ಟೋಬರ್ ಮುಗಿಯುತ್ತ ಬಂದಾಗ ಅವನು ಬಾಯಿಬಿಟ್ಟ. "ಇಂದು, ನಿನ್ನ ಹತ್ರ ಒಂದು ಮಾತು ಕೇಳೋದೈತಿ."

ಇದೇ ಗಳಿಗೆಗಾಗಿ ಅವಳು ಕಾದಿದ್ದಳು. "ಮುಂದಿನ ಶನಿವಾರ ಕೇಳಿ. ಮಾರ್ಷಲ್‌ನಲ್ಲಿ, ಊರ ಮಧ್ಯೆ ಕಾರಂಜಿ ಇದೆಯಲ್ಲ, ಅಲ್ಲಿ. ಬೆಳಗ್ಗೇನೇ ಬರ್ತೀನಿ."

ಅವಳು ಹಿಂದಿನ ದಿನವೇ ಮಾರ್ಷಲ್‌ಗೆ ಬಂದು, ಕಾರಂಜಿಗೆ ಎದುರಾದ ಮನೆಯೊಂದರ ಮಹಡಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಬೆಳಗ್ಗೆ ಪರದೆ ಸರಿಸಿ ಕಿಟಕಿಗೆ ಕುರ್ಚಿ ಎಳೆದುಕೊಂಡಳು.

ಕಲ್ಲಿನಾಥ ಬಂದ. ಸೂಟು, ಟೈ. ಬಸ್ಸು ಬಂದಾಗ ಮೂಲೆಯವರೆಗೆ ಓಡಿ, ಇಳಿದವರನ್ನೆಲ್ಲ ನೋಡಿ, ಕಾರಂಜಿಗೆ ಮರಳಿದ. ಮಧ್ಯಾಹ್ನ ಜಡಿಮಳೆ ಹಿಡಿಯಿತು. ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು ಒಳಗೆ ಕರೆದ. ಕಲ್ಲಿನಾಥ ಬೇಡವೆಂದು ತಲೆಯಾಡಿಸಿ ಅಲ್ಲೇ ನಿಂತ.

ನಗು ಬರಬೇಕಿತ್ತು. ಇಷ್ಟು ವರ್ಷ ಕನಸಿನಲ್ಲಿ ಎಷ್ಟು ನಕ್ಕಿದ್ದಳು... ಈಗ ಬರಲಿಲ್ಲ. ಆದರೂ ಏಳಲಿಲ್ಲ.

ನಾನು ದೀಪ ಹಚ್ಚೋವರೆಗೂ ಕಾದಿದ್ದೆ. ಇವನೂ ಕಾಯಲಿ.

ಬೀದಿದೀಪ ಹೊತ್ತಿಕೊಂಡಾಗ ಕೆಳಗಿಳಿದು ಹೋಗಿ ಅವನೆದುರು ನಿಂತಳು.

"ಕಾಯೋದು ಹೇಗಿರತ್ತೆ?"

"ನೀ... ಇಲ್ಲೇ ಇದ್ದಿಯೇನು?"

"ಬೆಳಗ್ಗಿಂದ. ಆ ಕಿಟಕೀಲಿ. ನೀವು ಬರದೇ ಇದ್ದ ಭಾನುವಾರ ನಾನೂ ಹೀಗೇ ದಾರಿ ನೋಡಿದ್ದೆ. ಈಗ ಸಮ ಆಯ್ತು."

ಅವನು ಮುಖದ ಮೇಲಿನ ಮಳೆನೀರು ಒರೆಸಿಕೊಂಡ.

"ನಾ ಬಂದಿದ್ದೆ, ಇಂದು."

"ಸುಳ್ಳು."

"ನಿಮ್ಮಪ್ಪಾರು ಗೇಟಿನಾಗ ನಿಂತಿದ್ರು. ನಿನ್ನ ಮನಸು ಬದಲಾಗೇತಿ, ನನ್ನ ಮುಖ ನೋಡೂದೂ ಬ್ಯಾಡಂತಿ ಅಂದ್ರು. ನಾ ನಂಬಲಿಲ್ಲ. ಅಷ್ಟರಾಗ ಒಳಗ ವೀಣಾ ಕೇಳಿಸ್ತು. ಮೋಹನ ರಾಗ ನುಡಸಾಕತ್ತಿದ್ದಿ. ಇಷ್ಟು ಆರಾಮ ಕುಂತು ನುಡಸ್ತಾಳಂದ್ರ ಖರೇನ ಇರಬೇಕು ಅಂತ... ತಿರುಗಿ ನಡದೆ."

ಮೋಹನ... ಇಂದುಮತಿಗೆ ಆ ಬೆಳಗು ನೆನಪಾಯಿತು.

ಅಂದು ಬೆಳಗ್ಗೆ ವೀಣೆಯನ್ನು ನಡುಮನೆಗೆ ತಂದಿಟ್ಟವರು ಅಪ್ಪ. "ಬಾಗಿಲು ನೋಡ್ತಾ ಕೂರಬೇಡ, ಏನಾದ್ರೂ ನುಡಿಸು. ಬಂದ್ರೆ ನಾನೇ ಕರೀತೀನಿ" ಎಂದಿದ್ದರು. ಅವಳು ನುಡಿಸಿದ್ದು ಮೋಹನವೇ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ತಲೆ ಸವರಿದರಲ್ಲ... ಗೇಟು ಮುಚ್ಚಿದ ಅದೇ ಕೈಯಿಂದ.

"ಪಾ ಪಾದಲ್ಲಿ ಸಿಕ್ಕಾಗ ಯಾಕೆ ಕೇಳಲಿಲ್ಲ?" ದನಿ ಒಡೆದಿತ್ತು.

"ನೀ ನಕ್ಕು ಮಾತಾಡಿಸಿದಿ. ಹಳೇದು ಕೆದಕಿದ್ರ ಆ ನಗೂನೂ ಹೋದೀತು ಅಂತ ಹೆದರಿದೆ."

"ಮತ್ತೆ ಇವತ್ತು? ಮಳೇಲಿ ಯಾಕೆ ನಿಂತಿದ್ರಿ?"

"ಆವತ್ತು ಇನ್ನೊಬ್ರ ಮಾತು ಕೇಳಿ ಹೋದೆ. ಇವತ್ತು ನೀನ ಬಂದು, 'ಹೋಗು' ಅನ್ನೂತನಕ ಹೋಗಬಾರದು ಅಂತ ನಿಂತೆ."

ಅವಳು ಅವನ ತೊಯ್ದ ಕೋಟಿಗೆ ಮುಖವಿಟ್ಟು ಅತ್ತಳು. "ನಿಮ್ಮನ್ನ ನೋಯಿಸಬೇಕು ಅಂತಾನೇ ಬರ್ತಿದ್ದೆ ನಾನು. ಪ್ರತಿ ಶನಿವಾರ."

"ಪ್ರತಿ ಶನಿವಾರನೂ?"

"ಚೆಲ್ಸೀಲಿ ಮಾತ್ರ... ಮರೆತುಬಿಟ್ಟಿದ್ದೆ."

ಅವನು ಅವಳ ಕಣ್ಣೊರೆಸಿದ. ಅವಳು ತಲೆಯೆತ್ತಿದಾಗ ಆ ಕಣ್ಣಲ್ಲಿ ಕೆಂಡ ಆರಿರಲಿಲ್ಲ; ದಿಕ್ಕು ಬದಲಿಸಿತ್ತು.

"ಅಪ್ಪನ್ನ ಸುಮ್ಮನೆ ಬಿಡಲ್ಲ."

"ವಯಸ್ಸಾಗೇತಿ ಅವರಿಗೆ. ಬಿಡು."

"ಬಿಡಲ್ಲ. ಡಿಸೆಂಬರ್‌ಗೆ ರಜೆ ಹಾಕ್ತೀನಿ. ತಾಳಿ ಕಟ್ಟಿಸ್ಕೊಂಡು, ನಿಮ್ಮ ಪಕ್ಕದಲ್ಲಿ ಆ ಗೇಟಿನ ಮುಂದೆ ನಿಲ್ತೀನಿ. ಅವರೇ ಬಂದು ತೆಗೀಬೇಕು."

"ತಗೀಲಿಲ್ಲಂದ್ರ?"

"ಇಡೀ ಬೀದಿ ನೋಡೋ ಹಾಗೆ ನಿಂತಿರ್ತೀವಿ."

ಕಲ್ಲಿನಾಥ ನಕ್ಕ. "ತಾಳಿ ತನಕ ಹೋದಿ. ನಾ ಇನ್ನೂ ಕೇಳೇ ಇಲ್ಲ."

"ಕೇಳಿ ಮತ್ತೆ."

"ನನ್ನ ಮದುವಿ ಆಗ್ತಿಯೇನು, ಇಂದು?"

"ಆಗ್ತೀನಿ," ಎಂದಳು, ಅವನ ಮರಗಟ್ಟಿದ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಉಜ್ಜುತ್ತ. "ಮೊದಲು ಬನ್ನಿ, ಏನಾದ್ರೂ ಬಿಸಿಯಾಗಿ ಕುಡೀರಿ."